ಒಂದು ಪ್ರತಿಗೆ ಒಂದು ಮೆದು

ಈ ಊರಿಗೆ ನಾನು ಬಂದಾಗ ನನಗೆ ಇಪ್ಪತ್ತೇಳು ವರ್ಷ. ಟ್ರಂಕಿನಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಹೊಸ ಡಾಕ್ಟರೇಟು, ತಲೆಯ ತುಂಬ ಧಿಮಾಕು. ಬೇರೆ ಯಾವ ಕಾಲೇಜಿನಲ್ಲೂ ಕೆಲಸ ಸಿಗದೆ ಬಂದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಆಮೇಲೆ ಬೇರೆ ಯಾರಾದರೂ ಹೇಳುತ್ತಾರೆ. ಒಂದು ಬುಧವಾರ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಸೇರಿದೆ. ಮುಂದಿನ ವಾರದ ಗುರುವಾರ ಬೆಳಗ್ಗೆ ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಿ ಸಂತೋಷಪಡೋಣವೆಂದು ಟ್ರಂಕು ತೆಗೆದರೆ ಹಾಳೆ ಬಿಳಿ. ಮೊಹರಿಲ್ಲ, ಸಹಿಯಿಲ್ಲ, ನನ್ನ ಹೆಸರಿಲ್ಲ. ಪಕ್ಕದಲ್ಲಿದ್ದ ಅಮ್ಮನ ಕಾಗದವೂ ಬಿಳಿ.

ಪ್ರಿನ್ಸಿಪಾಲರ ಕೋಣೆಗೆ ಓಡಿದೆ. ಚೆನ್ನಕೇಶವಯ್ಯನವರು ಮೇಜಿನ ಮೇಲೆ ಕಾಗದ ಹಾಸಿ ಕಡಲೆಕಾಯಿ ಬಿಡಿಸುತ್ತಿದ್ದರು. ನನ್ನ ಬಿಳಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪ್ರತಿ ಮಾಡಿಸ್ಲಿಲ್ವೇನ್ರೀ ಪ್ರಭಂಜನ? ಎಂಟು ದಿನ ಆಗೋಯ್ತಲ್ಲ" ಎಂದರು, ಒಲೆಯ ಮೇಲೆ ಹಾಲಿಟ್ಟು ಮರೆತವನಿಗೆ ಹೇಳುವ ಹಾಗೆ.

ಆಮೇಲೆ ತಿಳಿದದ್ದು ಇಷ್ಟು. ಈ ಊರಿನಲ್ಲಿ ಬರೆದದ್ದು ಎಂಟು ದಿನ ಇರುತ್ತದೆ. ಒಂಬತ್ತನೆಯ ದಿನ ಬೆಳಗಾದರೆ ಇಲ್ಲ. ಮಸಿ, ಪೆನ್ಸಿಲ್ಲು, ಅಚ್ಚು, ಕಲ್ಲಿನ ಮೇಲೆ ಉಳಿಯಿಂದ ಕೆತ್ತಿದ್ದು, ಕಂಪ್ಯೂಟರಿನ ಟೇಪು, ಫ್ಲಾಪಿ, ಯಾವುದಕ್ಕೂ ರಿಯಾಯಿತಿಯಿಲ್ಲ. ಹೊರಗಿನಿಂದ ತಂದದ್ದಕ್ಕೂ ಅದೇ ಗತಿ. ಹೀಗಾಗಿ ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಇಡೀ ಊರು ಜಗಲಿಯ ಮೇಲೆ ಕೂತು ಪ್ರತಿ ಮಾಡುತ್ತದೆ. ಮಕ್ಕಳು ಮಗ್ಗಿ ಬರೆಯುತ್ತವೆ, ದೊಡ್ಡವರು ಜಾತಕ, ಮನೆಪತ್ರ, ಔಷಧಿ ಚೀಟಿ, ಹಸೆಹಾಡು ಬರೆಯುತ್ತಾರೆ. ಅಂಗಡಿಯವರು ಬೋರ್ಡಿನ ಅಕ್ಷರಕ್ಕೆ ಬಣ್ಣ ಹಚ್ಚುತ್ತಾರೆ. ಕಲ್ಲುಕುಟಿಗರು ಸ್ಮಶಾನಕ್ಕೆ ಹೋಗಿ ಸತ್ತವರ ಹೆಸರು ಕೆತ್ತಿ ಬರುತ್ತಾರೆ. ಬರೆದು ಮುಗಿದ ಮೇಲೆ ಎಲ್ಲರೂ ಒಂದಷ್ಟು ಹೊತ್ತು ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಕೂರುತ್ತಾರೆ. ಯಾವುದೋ ಸ್ತೋತ್ರವಿರಬೇಕು ಎಂದುಕೊಂಡೆ. ಕೇಳಲಿಲ್ಲ. ಪರರ ದೇವರ ವಿಷಯ ಕೆದಕಬಾರದೆಂದು ಅಮ್ಮ ಹೇಳಿ ಕಳಿಸಿದ್ದಳು.

ನನ್ನ ನೇಮಕಾತಿ ಪತ್ರವನ್ನು ಮತ್ತೆ ಬರೆಯಲು ಪ್ರಿನ್ಸಿಪಾಲರು ನೀಲಾವತಿ ಎಂಬಾಕೆಯನ್ನು ಕರೆಸಿದರು. ನಮ್ಮ ವಿಭಾಗದ ಪ್ರತಿಗಾರ್ತಿ. ನನಗಿಂತ ಐದು ವರ್ಷ ದೊಡ್ಡವರು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಜಡೆ, ಬಲಗೈಯ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಆದ ಗಂಟು. ಕಾಲೇಜಿನಲ್ಲಿ ಎಲ್ಲರಿಗೂ ಅವರು ನೀಲಕ್ಕ. ಪ್ರಿನ್ಸಿಪಾಲರು ನೆನಪಿನಿಂದ ಹೇಳುತ್ತ ಹೋದರು, ನೀಲಕ್ಕ ಮುತ್ತು ಪೋಣಿಸಿದ ಹಾಗೆ ಬರೆದರು. ಓದಿ ನೋಡಿದೆ. ಮೊದಲಿನ ಪತ್ರದಲ್ಲಿ 'ತಾತ್ಕಾಲಿಕ ಉಪನ್ಯಾಸಕ' ಎಂದಿತ್ತು. ಇದರಲ್ಲಿ ಬರೀ 'ಉಪನ್ಯಾಸಕ'.

"ಇಲ್ಲೊಂದು ಪದ ಬಿಟ್ಟುಹೋಗಿದೆ" ಎಂದೆ, ಪ್ರಾಮಾಣಿಕನೆಂದು ತೋರಿಸಿಕೊಳ್ಳಲು.

"ಬಿಟ್ಟೋಗಿಲ್ಲ ಮೇಷ್ಟ್ರೇ, ಬಿಟ್ಟಿದೀನಿ. ಒಂದು ಪ್ರತಿಗೆ ಒಂದು ಮೆದು. ನಿಮ್ ಮುಖ ನೋಡಿದ್ರೆ ಆ ಪದಾನೇ ಚುಚ್ತಿತ್ತು ಅನ್ನಿಸ್ತು."

ಪ್ರಿನ್ಸಿಪಾಲರು ಕಡಲೆಕಾಯಿ ಸಿಪ್ಪೆಯ ಕೈಯಲ್ಲೇ ಸಹಿ ಮಾಡಿದರು. ಹೀಗೆ ನಾನು ಕಾಯಂ ಆದೆ. ಪ್ರತಿ ಮಾಡುವಾಗ ಪ್ರತಿ ಪುಟದಲ್ಲೂ ಒಂದು ಗಟ್ಟಿಯಾದದ್ದನ್ನು ಹುಡುಕಿ ಮೆದು ಮಾಡಬೇಕು ಎಂಬುದು ಇಲ್ಲಿನ ಕಟ್ಟಳೆ. ಬೈಗುಳ ಇದ್ದಲ್ಲಿ ಗದರಿಕೆ, ಗದರಿಕೆ ಇದ್ದಲ್ಲಿ ಬುದ್ಧಿಮಾತು. ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಹುಡುಗರಾಗಿದ್ದಾಗ ಗಣಿತದಲ್ಲಿ ಹದಿನೆಂಟು ತೆಗೆದು ನಪಾಸಾಗಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರ ಅಂಕಪಟ್ಟಿಯಲ್ಲಿ ತೊಂಬತ್ತೊಂದಾಗಿತ್ತು. ನೂರು ಮುಟ್ಟಿಸಿಯೇ ಸಾಯುತ್ತೇನೆ ಎಂದು ನಗುತ್ತಿದ್ದರು. ನನಗೆ ಅನುಕೂಲವಾಗಿದ್ದಾಗ ಈ ಪದ್ಧತಿ ನನಗೂ ಬಹಳ ಚಂದವೇ ಕಂಡಿತ್ತು.

ಈಗ ನನ್ನ ಕಸುಬಿನ ವಿಷಯ. ಕಂಪ್ಯೂಟರಿನ ಒಳಗಿರುವ ನೆನಪೂ ಈ ಊರಿನ ಹಾಗೇ. ಅಲ್ಲಿ ಬರೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಸೋರಿಹೋಗುತ್ತದೆ, ಯಂತ್ರ ಅದನ್ನು ಬಿಡದೆ ಮತ್ತೆ ಮತ್ತೆ ಬರೆಯುತ್ತಿರುತ್ತದೆ, ಕರೆಂಟು ಹೋದರೆ ಎಲ್ಲ ಹೋಯಿತು. ಹಾಗೆ ಸೋರದ ಒಂದು ಸಾಧನವನ್ನು ಮಾಡಬೇಕೆಂಬುದು ನನ್ನ ಹುಚ್ಚು. ಎರಡು ಲೋಹದ ಗೆರೆಗಳ ನಡುವೆ ಆಕ್ಸೈಡಿನ ತೆಳುವಾದ ಪೊರೆ, ಕೂದಲಿನ ಸಾವಿರದಲ್ಲೊಂದು ಪಾಲು ದಪ್ಪ. ಅದಕ್ಕೆ ಸೊನ್ನೆಯಿಂದ ಎರಡು ವೋಲ್ಟಿನವರೆಗೆ ಮೆಲ್ಲಗೆ ಏರಿಸುತ್ತ ಹೋಗಿ, ಹರಿಯುವ ಕರೆಂಟನ್ನು ನಲವತ್ತೊಂದು ಕಡೆ ಅಳೆದು ಬರೆಯಬೇಕು. ಮತ್ತೆ ಎರಡರಿಂದ ಸೊನ್ನೆಗೆ ಇಳಿಸುತ್ತ ನಲವತ್ತೊಂದು. ಸಾಮಾನ್ಯ ವಸ್ತುವಾದರೆ ಹೋದ ದಾರಿಯಲ್ಲೇ ವಾಪಸು ಬರುತ್ತದೆ, ಅಂಕಿಗಳು ಅವೇ. ನೆನಪಿರುವ ವಸ್ತುವಾದರೆ ಬೇರೆ ದಾರಿಯಲ್ಲಿ ಬರುತ್ತದೆ, ಚಿತ್ರ ಬರೆದರೆ ಹಗ್ಗದ ಕುಣಿಕೆಯ ಹಾಗೆ ಕಾಣುತ್ತದೆ. ತನ್ನ ಮೇಲೆ ಏನು ನಡೆಯಿತೆಂದು ಅದಕ್ಕೆ ಗೊತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಮೊದಲು ಆ ಕುಣಿಕೆ ಸಿಗಬೇಕು. ಆಮೇಲೆ ಅದು ಒಂಬತ್ತನೆಯ ದಿನವನ್ನು ದಾಟಬೇಕು. ನನ್ನ ಇಡೀ ಬದುಕನ್ನು ನಾನು ಪಣಕ್ಕಿಟ್ಟದ್ದು ಈ ಎರಡು ವಾಕ್ಯಗಳಿಗೆ. ನಮ್ಮೂರಿಗಿಂತ ಕಠಿಣವಾದ ಪರೀಕ್ಷೆ ಜಗತ್ತಿನಲ್ಲೇ ಇಲ್ಲ, ಇಲ್ಲಿ ನಿಂತದ್ದು ಎಲ್ಲಿ ಬೇಕಾದರೂ ನಿಂತೀತು ಎಂದು ನನಗೆ ನಾನೇ ಹೇಳಿಕೊಂಡೆ.

ಪ್ರಯೋಗಾಲಯ ಎಂದರೆ ವರ್ಕ್‌ಶಾಪಿನ ಹಿಂದಿನ ಶೀಟಿನ ಕೋಣೆ. ಒಂದು ವ್ಯಾಕ್ಯೂಮ್ ಪಂಪು, ಅದರ ಕೆಮ್ಮು ಕೇಳಿಯೇ ಅದರ ಆರೋಗ್ಯ ಹೇಳಬಹುದಿತ್ತು. ಒಂದು ಕುಲುಮೆ, ಸಣ್ಣ ಸೂಜಿಗಳನ್ನು ಇಟ್ಟು ಅಳೆಯುವ ಒಂದು ಯಂತ್ರ. ಕಿಟಕಿಯ ಪಕ್ಕ ನೀಲಕ್ಕನ ಮೇಜು. ಕಾಲೇಜಿನವರದು ಶನಿವಾರವೇ ಅರ್ಧ ಪ್ರತಿ ಶುರುವಾಗುತ್ತಿತ್ತು, ಅಷ್ಟೊಂದು ಪುಸ್ತಕಗಳು. ನಾನು ಸೂಜಿ ಇಟ್ಟು ಅಂಕಿ ಹೇಳುವುದು, ಅವರು ಬರೆಯುವುದು. "ಏಳು ಪಾಯಿಂಟು ನಾಲ್ಕು." "ಹ್ಞೂಂ." "ಏಳು ಪಾಯಿಂಟು ಒಂಬತ್ತು." "ಹ್ಞೂಂ." ಹನ್ನೊಂದು ಗಂಟೆಗೆ ಅವರ ಫ್ಲಾಸ್ಕಿನಿಂದ ಕಾಫಿ, ಜೊತೆಗೆ ನಿಪ್ಪಟ್ಟು. ಆಗ ಅದು ಸುಖ ಅಂತ ಗೊತ್ತಿರಲಿಲ್ಲ, ಸಂಶೋಧನೆ ಅಂದುಕೊಂಡಿದ್ದೆ. ಒಂದು ಸಲ ಹುಡುಗಿ ನೋಡಲು ಹೋಗಿ, ಆಕ್ಸೈಡಿನ ದಪ್ಪವನ್ನು ಅರ್ಧ ಗಂಟೆ ವಿವರಿಸಿ, ಉಪ್ಪಿಟ್ಟು ತಿಂದು ಎದ್ದು ಬಂದವನು ನಾನು. ಇನ್ನೊಂದು ಸಲ ಯಾರೂ ಕರೆಯಲಿಲ್ಲ.

ನೀಲಕ್ಕನ ಗಂಡ ಅವರನ್ನು ಬಿಟ್ಟು ಹೋಗಿದ್ದ. ನಾನು ಬರುವ ಎರಡು ವರ್ಷ ಮೊದಲು, ಮೂರು ಸಾಲಿನ ಒಂದು ಕಾಗದ ಬರೆದಿಟ್ಟು. ಆ ಕಾಗದವನ್ನು ಅವರು ಭಾನುವಾರ ಎಲ್ಲದರ ಕೊನೆಗೆ ಪ್ರತಿ ಮಾಡುತ್ತಿದ್ದರು. ಒಮ್ಮೆ ನನಗೇ ಓದಲು ಕೊಟ್ಟರು. 'ಕೆಲಸ ಮುಗಿದ ಕೂಡಲೇ ಬರುತ್ತೇನೆ, ಊಟ ಬಿಡಬೇಡ, ಮಲ್ಲಿಗೆ ಬಳ್ಳಿಗೆ ನೀರು ಹಾಕು' ಎಂದಿತ್ತು. ಹಾಗೆ ಬರೆದವನು ಯಾಕೆ ಬರಲಿಲ್ಲವೆಂದು ನನಗೆ ಅಚ್ಚರಿಯಾಯಿತು. ಮೊದಲು ಅದರಲ್ಲಿ ಏನಿತ್ತೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಮೂರನೆಯ ವರ್ಷದ ಒಂದು ಶನಿವಾರ ಕುಣಿಕೆ ಸಿಕ್ಕಿತು. ಹೋಗುವಾಗ ಐದು ಇದ್ದ ಕಡೆ ಬರುವಾಗ ಏಳು ಇತ್ತು. ಎರಡು ತುದಿಗಳನ್ನು ಬಿಟ್ಟು ಉಳಿದೆಲ್ಲ ಕಡೆಯೂ ಹೀಗೇ, ದಾರಿ ಬೇರೆ. ಆದರೆ ಒಂದು ಸಲ ಕಂಡದ್ದನ್ನು ನಂಬುವುದು ನನ್ನ ಗುರುಗಳು ಕಲಿಸಿದ ವಿದ್ಯೆಯಲ್ಲ. ಇನ್ನಷ್ಟು ಪೊರೆಗಳನ್ನು ಮಾಡಿ ನೋಡೋಣ ಎಂದುಕೊಂಡೆ. ಮಾಡಿದೆ. ಕೆಲವದರಲ್ಲಿ ಬಂತು, ಕೆಲವದರಲ್ಲಿ ಬರಲಿಲ್ಲ, ಮೊದಲಿನದು ಕುಲುಮೆಯಲ್ಲಿ ಸುಟ್ಟುಹೋಯಿತು. ವರ್ಷ ಕಳೆದ ಮೇಲೆ ಹಳೆಯ ಪುಸ್ತಕ ತೆಗೆದು ನೋಡಿದರೆ ಆ ಶನಿವಾರದ ಪುಟದಲ್ಲಿ ಕುಣಿಕೆಯೇ ಇರಲಿಲ್ಲ. ಹೋದದ್ದೂ ಬಂದದ್ದೂ ಒಂದೇ ದಾರಿ. ನಾನು ಕಂಡದ್ದು ಭ್ರಮೆ, ಮೀಟರಿನ ತಪ್ಪು ಎಂದುಕೊಂಡೆ. ಹೀಗೆ ಮುಂದೆಯೂ ಆಯಿತು. ಇವತ್ತು ಸೂಜಿ ಇಟ್ಟರೆ ಕುಣಿಕೆ ಕಾಣುತ್ತದೆ, ಹಿಂದಿನ ವರ್ಷಗಳ ಪುಸ್ತಕ ತೆಗೆದರೆ ಒಂದರಲ್ಲೂ ಇಲ್ಲ. ಹಾಗಾದರೆ ಇವತ್ತಿನದೇ ಸುಳ್ಳು. ನಾಲ್ಕು ಮೀಟರು ಬದಲಾಯಿಸಿದೆ. ಸಮ್ಮೇಳನಗಳಿಗೆ ಹೋಗಬೇಕಾದಾಗ ಪಕ್ಕದ ಊರಿನ ಲಾಡ್ಜಿನಲ್ಲಿ ಕೂತು ಪ್ರಬಂಧ ಬರೆಯುತ್ತಿದ್ದೆ, ಅದರಲ್ಲೆಲ್ಲ 'ಇಂಥ ಪರಿಣಾಮ ನಮಗೆ ಕಂಡುಬಂದಿಲ್ಲ' ಎಂದೇ ಬರೆದೆ. ಎಂಟು ವರ್ಷ ಹಾಗೇ ಬರೆದೆ.

ಹನ್ನೊಂದನೆಯ ವರ್ಷ ನೀಲಕ್ಕನ ತಂಗಿಗೆ ಹೆರಿಗೆಯಾಗಿ ಅವರು ಐದು ವಾರ ಹೊರಗೆ ಹೋದರು. ನನ್ನ ಪುಸ್ತಕಗಳನ್ನು ನಾನೇ ಪ್ರತಿ ಮಾಡಿದೆ. ಹೊರಗಿನವನಾದ ನನಗೆ ಮೆದು ಗಿದು ಮಾಡುವ ಅಭ್ಯಾಸವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಇಳಿಸಿದೆ. ಐದು ವಾರ ಒಂದು ಪುಟದ ಕುಣಿಕೆ ಅಲುಗಾಡದೆ ನಿಂತಿತು. ನೀಲಕ್ಕ ವಾಪಸು ಬಂದರು, ಭಾನುವಾರ ಪ್ರತಿ ಮಾಡಿದರು. ಸೋಮವಾರ ನೋಡಿದರೆ ಆ ಪುಟದಲ್ಲಿ ಒಂದು ಅಂಕಿ ಬೇರೆಯಾಗಿತ್ತು. ವಾಪಸು ಬರುವ ಸಾಲಿನ ಒಂಬತ್ತನೆಯದು. ಏಳು ಪಾಯಿಂಟು ನಾಲ್ಕು ಇದ್ದದ್ದು ಐದು ಪಾಯಿಂಟು ಒಂದಾಗಿತ್ತು. ಐದು ಸಲ ನನ್ನ ಕೈಯಾರೆ ಬರೆದ ಅಂಕಿ, ಅದನ್ನು ಮರೆಯಲು ಸಾಧ್ಯವೇ ಇರಲಿಲ್ಲ.

"ಇದೇನಿದು?"

ಅವರು ಬಗ್ಗಿ ನೋಡಿ ನಕ್ಕರು. ಒಳ್ಳೆಯ ಕೆಲಸ ಯಾರೋ ಗುರುತಿಸಿದರಲ್ಲ ಎಂಬ ನಗು. "ಅದಾ? ಹೋಗೋ ಸಾಲಿಗೂ ಬರೋ ಸಾಲಿಗೂ ಜಗಳ ಇತ್ತು ಮೇಷ್ಟ್ರೇ. ನಿಮ್ ಪುಸ್ತಕದಲ್ಲಿ ಬೈಗುಳ ಇಲ್ಲ, ದುಃಖ ಇಲ್ಲ, ಎಲ್ಲಿ ಮೆದು ಮಾಡೋದು? ಇದೊಂದೇ ಗಟ್ಟಿ ಸಿಗ್ತಿತ್ತು. ವಾರಕ್ಕೊಂದು ಅಂಕಿ ತಿದ್ಕಂಡು ಬಂದೆ. ವರ್ಷ ತುಂಬೋದ್ರೊಳ್ಗೆ ರಾಜಿ ಆಗ್ಬಿಡ್ತಿತ್ತು. ಹೋದೋರು ಹೋದ ದಾರೀಲೇ ವಾಪಸ್ ಬರ್ಲಿ ಅಂತ."

ಎಂಟು ವರ್ಷ. ಎಷ್ಟು ಪುಟಗಳು, ಎಷ್ಟು ಕುಣಿಕೆಗಳು, ಎಲ್ಲವನ್ನೂ ಅಕ್ಕರೆಯಿಂದ ಒಂದೊಂದಾಗಿ ಬಿಚ್ಚಿ ನೆಟ್ಟಗೆ ಮಾಡಿಟ್ಟಿದ್ದರು. ಇಬ್ಬರು ವಿದ್ಯಾರ್ಥಿಗಳು ಪಂಪಿನ ಪಕ್ಕ ನಿಂತಿದ್ದರು, ಅವರ ಎದುರಿಗೇ ಅಂದುಬಿಟ್ಟೆ: "ನಿಮ್ಮನೆ ದುಃಖಾನ ನನ್ನ ಪುಸ್ತಕಕ್ಕೆ ಯಾಕೆ ತಂದ್ರಿ, ನೀಲಕ್ಕ?"

ಅವರ ಮುಖದಲ್ಲಿ ನಗು ಹಾಗೇ ಉಳಿದು ಅದರ ಹಿಂದಿದ್ದದ್ದೆಲ್ಲ ಹೋಯಿತು. ಪೆನ್ನುಗಳ ಡಬ್ಬಿ ಮುಚ್ಚಿದರು, ಫ್ಲಾಸ್ಕು ಎತ್ತಿಕೊಂಡರು, ಹೋದರು. ಮರುದಿನದಿಂದ ಸಿವಿಲ್ ವಿಭಾಗಕ್ಕೆ ಹಾಕಿಸಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದು ಈ ಊರಿನಲ್ಲಿ ಇನ್ನೂ ನಿಜ. ಬರೆದದ್ದಕ್ಕೆ ಎಂಟು ದಿನದ ಗಡುವಿದೆ, ತಿದ್ದಲು ದಾರಿಯಿದೆ. ಆಡಿದ್ದಕ್ಕೆ ಎರಡೂ ಇಲ್ಲ.

ಮೂರು ತಿಂಗಳ ನಂತರ ಲೈಬ್ರರಿಗೆ ಬಂದ ಒಂದು ಪತ್ರಿಕೆಯಲ್ಲಿ ನನ್ನ ಕುಣಿಕೆ ಇತ್ತು. ದೂರದ ಯಾವುದೋ ದೇಶದ ಪ್ರಯೋಗಾಲಯ, ಒಂಬತ್ತು ಜನರ ಹೆಸರು. ನೆನಪಿರುವ ಪೊರೆ ಸಿಕ್ಕಿದೆ ಎಂದು ಜಗತ್ತಿಗೆ ತಿಳಿಸಿದ್ದರು. ಅದೇ ಆಕಾರ, ಅದೇ ಬಾಗು. ಎಂಟು ದಿನವೂ ಆ ಪುಟವನ್ನು ತೆರೆದಿಟ್ಟುಕೊಂಡು ನೋಡಿದೆ. ಒಂಬತ್ತನೆಯ ದಿನ ಅದು ಅಳಿಯಿತು, ನನ್ನ ಹೊಟ್ಟೆಯುರಿ ಅಳಿಯಲಿಲ್ಲ.

ಮೊದಲನೆಯ ವಾಕ್ಯ ಹೀಗೆ ಕೈತಪ್ಪಿತು. ಎರಡನೆಯದು ಉಳಿದಿತ್ತು, ಒಂಬತ್ತನೆಯ ದಿನ. ಹೊರಗಿನವರ ಪೊರೆಗಳನ್ನು ತರಿಸಿ ನೋಡಿದೆ, ಅವೂ ಇಲ್ಲಿ ಎಂಟು ದಿನಕ್ಕೇ ಕೈಯೆತ್ತಿದವು. ಸ್ವಲ್ಪ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಮುಂದೆ ಹದಿನೆಂಟು ವರ್ಷ ಅದೇ ಕೆಲಸ. ರೀಡರ್ ಆದೆ, ಪ್ರೊಫೆಸರ್ ಆದೆ, ವಿಭಾಗದ ಮುಖ್ಯಸ್ಥನಾಗಿ ಕಡಲೆಕಾಯಿ ಬಿಡಿಸುವುದನ್ನೂ ಕಲಿತೆ. ಆಕ್ಸೈಡಿನಲ್ಲಿ ಟೈಟಾನಿಯಂ ಹೋಗಿ ಹಾಫ್ನಿಯಂ ಬಂತು, ಪೊರೆ ತೆಳುವಾಗುತ್ತ ಹೋಯಿತು, ನನ್ನ ಕೂದಲೂ. ಪ್ರತಿ ಸಲ ಒಂದು ಅಕ್ಷರವನ್ನು ಸಾಧನದೊಳಗೆ ಬರೆಯುವುದು, ಒಂಬತ್ತನೆಯ ದಿನ ಬೆಳಗ್ಗೆ ಸೂಜಿ ಇಟ್ಟು ಓದುವುದು, ಏನೂ ಇಲ್ಲದಿರುವುದು. ಕಾರಿಡಾರಿನಲ್ಲಿ ನೀಲಕ್ಕ ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದೆವು. ಹನ್ನೊಂದು ಗಂಟೆಗೆ ನನಗೆ ಕ್ಯಾಂಟೀನಿನ ಕಾಫಿ, ಅದಕ್ಕೆ ಬಿಸಿಯೊಂದು ಬಿಟ್ಟರೆ ಬೇರೆ ಗುಣವಿರಲಿಲ್ಲ. ನೀಲಕ್ಕ ನಿವೃತ್ತರಾದ ದಿನ ಸಿವಿಲ್ ವಿಭಾಗದವರು ಹಾರ ಹಾಕಿದರು. ನಾನು ಕಿಟಕಿಯಿಂದ ನೋಡಿದೆ.

ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ಜುಬೇದಾ. ಇದೇ ಊರಿನವಳು, ನೀಲಕ್ಕನ ಬೀದಿಯವಳು. ಒಂದು ಸೋಮವಾರ ಎಂದಿನಂತೆ ಖಾಲಿ ಸಾಧನವನ್ನು ನೋಡಿ ನಾನು ನಿಟ್ಟುಸಿರು ಬಿಟ್ಟಾಗ ಅವಳು, "ಸರ್, ನೀಲಕ್ಕನ ಪ್ರತಿ ಒಂಬತ್ತನೇ ದಿನ ಮಧ್ಯಾಹ್ನದವರೆಗೂ ಇರುತ್ತೆ. ಬೇರೆಯವರದು ಬೆಳಗ್ಗೆನೇ ಹೋಗಿರುತ್ತೆ. ಹೇಗೆ ಅಂತ ಅವರನ್ನೇ ಕೇಳಬಾರದಾ?" ಎಂದಳು.

"ನೀನೇ ಕೇಳಿಕೊಂಡು ಬಾ."

"ನೀವೇ ಕೇಳಬೇಕಂತೆ ಸರ್. ನಾನು ಆಗ್ಲೇ ಕೇಳ್ದೆ."

ಭಾನುವಾರ ಹೋದೆ. ನೀಲಕ್ಕ ಜಗಲಿಯ ಮೇಲೆ ಕೂತು ಯಾರದೋ ಜಾತಕ ಬರೆಯುತ್ತಿದ್ದರು. ಜಡೆ ಬೆಳ್ಳಗಾಗಿತ್ತು, ಬಿಗಿ ಹಾಗೇ ಇತ್ತು. ಹದಿನೆಂಟು ವರ್ಷದ ಮೇಲೆ ಅವರಾಡಿದ ಮೊದಲ ಮಾತು, "ಕೂತ್ಕಳಿ ಮೇಷ್ಟ್ರೇ, ಈ ಪುಟ ಮುಗೀಲಿ." ಕೂತೆ. ಪುಟ ಮುಗಿಯಿತು. ನಾನು ಬಂದ ಕಾರಣ ಹೇಳಿದೆ. ಅವರು ಒಂದು ಹಾಳೆ ತೆಗೆದುಕೊಂಡು ಒಂದು 'ಅ' ಬರೆದು ತೋರಿಸಿದರು.

"ಒತ್ತಿ ಒಂದೇ ಸಲ ಗಟ್ಟಿಯಾಗಿ ಬರೆದ್ರೆ ಬೇಗ ಹೋಗತ್ತೆ. ಹಗೂರಕ್ಕೆ ಏಳು ಸಲಿ ತೀಡ್ಬೇಕು, ಅದರ ಮೇಲೇ ಅದು. ಮೊದಲ್ನೇ ಸಲಿ ಕಾಣ್ಸೋದೂ ಇಲ್ಲ. ಅವಸರದೋರಿಗೆ ಆಗೋ ಕೆಲ್ಸ ಅಲ್ಲ."

ನಾನು ಇಪ್ಪತ್ತೊಂಬತ್ತು ವರ್ಷ ನನ್ನ ಸಾಧನಗಳಿಗೆ ಬರೆದದ್ದು ಒಂದೇ ಏಟಿಗೆ, ಎರಡು ವೋಲ್ಟು ಕೊಟ್ಟು. ಆ ಸಂಜೆಯೇ ಜುಬೇದಾ ಮತ್ತು ನಾನು ಅರ್ಧ ವೋಲ್ಟಿನ ಸಣ್ಣ ಸಣ್ಣ ತಟ್ಟುಗಳನ್ನು ಕೊಟ್ಟು ನೋಡಿದೆವು. ಒಂಬತ್ತನೆಯ ದಿನ ಮಧ್ಯಾಹ್ನದವರೆಗೆ ನಿಂತಿತು. ಏಳು ತಟ್ಟಿನಿಂದ ಎಪ್ಪತ್ತು, ಎಪ್ಪತ್ತರಿಂದ ಏಳು ಸಾವಿರ. ಎರಡು ವರ್ಷ ಹೀಗೇ ತಟ್ಟಿದೆವು. ನನ್ನ ನಿವೃತ್ತಿಗೆ ಏಳು ತಿಂಗಳಿದ್ದಾಗ, ಒಂದು ಸೋಮವಾರ, ಜುಬೇದಾ ಸೂಜಿ ಇಟ್ಟು ಓದಿದಳು. ಬರೆದ ಅಕ್ಷರ ಇತ್ತು. ಮಂಗಳವಾರ ಇತ್ತು. ಮುಂದಿನ ಸೋಮವಾರವೂ ಇತ್ತು. ಜುಬೇದಾ ಅತ್ತಳು. ನಾನು ಪಂಪು ಆಫ್ ಮಾಡಿ ಆ ನಿಶ್ಶಬ್ದದಲ್ಲಿ ಕುರ್ಚಿಯ ಮೇಲೆ ಕೂತೆ. ಬಾಳು ಸಾರ್ಥಕವಾಯಿತು ಎನ್ನಿಸಿದ ಕ್ಷಣ ಅದು, ಆದರೆ ಕಿಟಕಿಯ ಪಕ್ಕದ ಮೇಜು ಖಾಲಿಯಿತ್ತು.

ಬೆರಳುಗುರಿನಷ್ಟು ಗಾತ್ರದ ಆ ಸಿಲಿಕಾನ್ ಚಿಪ್ಪಿನಲ್ಲಿ ಮೂರು ಸಾವಿರ 'ಅ'ಗಳಷ್ಟು ಜಾಗವಿತ್ತು. ಊರಿನಲ್ಲಿ ಮೊದಲ ಬಾರಿಗೆ ಅಳಿಯದೆ ಉಳಿಯುವ ಬರಹ. ಏನು ಬರೆಯುವುದು? ಊರಿನ ಹೆಸರೆಂದರು, ದೇವರ ನಾಮವೆಂದರು, ಆಡಳಿತ ಮಂಡಳಿಯವರು ತಮ್ಮ ಹೆಸರುಗಳ ಪಟ್ಟಿಯನ್ನೇ ಕಳಿಸಿದರು. ನಾನು ನೀಲಕ್ಕನನ್ನು ಕರೆಸಿದೆ. ಅವರು ತಮ್ಮ ಹಳೆಯ ಕುರ್ಚಿಯಲ್ಲಿ ಕೂತು, ಫ್ಲಾಸ್ಕು ಮೇಜಿನ ಮೇಲಿಟ್ಟು, ಯಂತ್ರಗಳನ್ನು ಒಂದು ಸುತ್ತು ನೋಡಿದರು.

"ಇದ್ರಲ್ಲಿ ಬರೆದದ್ದು ನಿಜವಾಗ್ಲೂ ಹೋಗಲ್ವಾ?"

"ಹೋಗಲ್ಲ."

"ಹಂಗಾದ್ರೆ ಬರ್ಕಳಿ. ಮೂರನೇ ವರ್ಷ, ಶನಿವಾರ, ಆ ನೀಲಿ ಪುಸ್ತಕ. ಬರೋ ಸಾಲು. ಎಂಟು ಪಾಯಿಂಟು ಎರಡು. ಏಳು ಪಾಯಿಂಟು ಆರು. ಏಳು."

ನನಗೆ ಅರ್ಥವಾಗುವ ಹೊತ್ತಿಗೆ ಅವರು ಆರನೆಯ ಅಂಕಿಗೆ ಬಂದಿದ್ದರು. ಕಣ್ಣು ಮುಚ್ಚಿ, ಸ್ತೋತ್ರದ ರಾಗದಲ್ಲಿ ನಲವತ್ತೊಂದನ್ನೂ ಹೇಳಿದರು. ಭಾನುವಾರದ ಆ ತುಟಿಗಳ ಅಲುಗಾಟ ಏನೆಂದು ನನಗೆ ಆಗ, ಮೂವತ್ತೆರಡು ವರ್ಷ ತಡವಾಗಿ ತಿಳಿಯಿತು. ಜುಬೇದಾ ನನ್ನನ್ನೇ ಆಶ್ಚರ್ಯದಿಂದ ನೋಡಿದಳು. "ಗೊತ್ತಿರಲಿಲ್ವಾ ಸರ್? ಮೆದು ಮಾಡಿದವರ ಹೊಟ್ಟೇಲಿ ಗಟ್ಟಿ ಇರಬೇಕು. ತಿದ್ದಿದ್ದು ಮೊದಲು ಏನಿತ್ತು ಅಂತ ಬಾಯಿಪಾಠ ಇಟ್ಕೋಬೇಕು. ಒಂದನೇ ಕ್ಲಾಸಿನಲ್ಲೇ ಕಲಿಸ್ತಾರೆ."

"ಎಲ್ಲ ಇದ್ವಾ ನೀಲಕ್ಕ? ಎಂಟು ವರ್ಷದ್ದೂ?"

"ಎಲ್ಲ ಇದಾವೆ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ ಮೇಷ್ಟ್ರೇ. ಬೈದ್ರಿ." ಅದನ್ನು ಅವರು ದೂರುವ ದನಿಯಲ್ಲಿ ಹೇಳಲಿಲ್ಲ. "ಕೇಳ್ತೀರ ಅಂತ ಒಂದು ವಾರ ಕಾದೆ."

ಆ ವಾರ ನಾನು ಕೇಳಿದ್ದರೆ, ದೂರದ ದೇಶದ ಒಂಬತ್ತು ಜನರಿಗಿಂತ ಮೂರು ತಿಂಗಳು ಮೊದಲು, ಎಂಟು ವರ್ಷದ ಕುಣಿಕೆಗಳೊಂದಿಗೆ, ಜಗತ್ತಿನ ಎದುರು ನಿಲ್ಲುತ್ತಿದ್ದೆ. ಅದಕ್ಕೂ ನನಗೂ ನಡುವೆ ಇದ್ದದ್ದು ಒಂದೇ ಒಂದು ಪ್ರಶ್ನೆಯ ದೂರ. ಆದರೆ ಸತ್ಯ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಅದು ನೋಯಲಿಲ್ಲ. ನನ್ನ ಅಂಕಿಗಳನ್ನು ಒಬ್ಬರು ಅಷ್ಟು ವರ್ಷ ಪ್ರತಿ ಭಾನುವಾರ ಬಾಯಿಪಾಠ ಹೇಳಿಕೊಂಡು ಕಾಪಾಡಿದ್ದರಲ್ಲ, ನೋಯಿಸಿದ್ದು ಅದು. ನನ್ನ ಜೊತೆ ಮಾತು ಬಿಟ್ಟ ಮೇಲೂ.

ಜುಬೇದಾ ಅಂಕಿಗಳನ್ನು ಚಿಪ್ಪಿಗೆ ತಟ್ಟಿದಳು. ಫ್ಲಾಸ್ಕಿನ ಕಾಫಿ ಕುಡಿದೆವು. ನೀಲಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, "ಹಗೂರ ಆಯ್ತು ಕಣವ್ವಾ. ಇನ್ನು ಇದನ್ನ ನಾನು ಹೇಳ್ಕೋಬೇಕಾಗಿಲ್ಲ" ಎಂದರು. ಕಾಫಿಯ ಲೋಟ ಕೆಳಗಿಟ್ಟು, "ಇನ್ನೂ ಜಾಗ ಇದೆಯಾ?" ಎಂದು ಕೇಳಿದರು.

"ಇದೆ."

"ಮೂರು ಸಾಲಿಗೆ?"

ಗಂಡನ ಕಾಗದದ ಮೂರು ಸಾಲುಗಳನ್ನು, ಅವನು ಬರೆದಿಟ್ಟು ಹೋದ ಹಾಗೆಯೇ, ಹೇಳಿ ಬರೆಸಿದರು. ಅವನ್ನು ಇಲ್ಲಿ ಬರೆಯುವುದಿಲ್ಲ, ಅವುಗಳ ಜಾಗ ಬೇರೆ ಇದೆ. ಮಲ್ಲಿಗೆ ಬಳ್ಳಿಯ ಮಾತು ಅದರಲ್ಲೆಲ್ಲೂ ಇರಲಿಲ್ಲ ಎಂದಷ್ಟೇ ಹೇಳುತ್ತೇನೆ. ಮೂವತ್ತನಾಲ್ಕು ವರ್ಷ ವಾರಕ್ಕೊಂದು ಸಲ ಅದನ್ನು ತಮ್ಮಷ್ಟಕ್ಕೆ ಹೇಳಿಕೊಂಡಿದ್ದ ಹೆಂಗಸು ಅವರು. ನೆನಪಿಟ್ಟುಕೊಳ್ಳುವ ಸಾಧನಕ್ಕಾಗಿ ನಾನು ಬಾಳು ಸವೆಸಿದೆ. ಅದರ ಉಪಯೋಗ ಮನುಷ್ಯರು ಮರೆಯಲಿಕ್ಕೆ ಎಂದು ನನಗೆ ಹೊಳೆದೇ ಇರಲಿಲ್ಲ.

"ಇನ್ನೊಂದು ಸಾಲು" ಎಂದೆ ನಾನು. ಜುಬೇದಾಳನ್ನು ಎಬ್ಬಿಸಿ ಕೀಲಿಮಣೆಯ ಮುಂದೆ ನಾನೇ ಕೂತೆ. ಆವತ್ತು ವಿದ್ಯಾರ್ಥಿಗಳ ಎದುರು ನೀಲಕ್ಕನಿಗೆ ಅಂದದ್ದನ್ನು ಅಂದ ಹಾಗೆಯೇ ಬರೆದೆ, ಒಂದು ಪದವನ್ನೂ ಬಿಡದೆ. ಬರೆದು, "ನನ್ನಿಂದ ತಪ್ಪಾಯ್ತು" ಎಂದೆ. ನೀಲಕ್ಕ ಪರದೆಯ ಮೇಲಿದ್ದುದನ್ನು ಓದಿದರು. "ಹ್ಞೂಂ" ಎಂದರು, ಹಿಂದೆ ಅಂಕಿ ಬರೆದುಕೊಳ್ಳುವಾಗ ಅನ್ನುತ್ತಿದ್ದ ಹಾಗೇ.

ಈಗ ನಾನು ನಿವೃತ್ತನಾಗಿ ನಾಲ್ಕು ವರ್ಷ. ಜುಬೇದಾ ವಿಭಾಗ ನೋಡಿಕೊಳ್ಳುತ್ತಾಳೆ. ಊರಿನ ಪ್ರತಿಗಾರರು ಒಬ್ಬೊಬ್ಬರಾಗಿ ಬಂದು ಹೊಟ್ಟೆಯಲ್ಲಿರುವ ಗಟ್ಟಿಗಳನ್ನು ಅವಳ ಚಿಪ್ಪುಗಳಲ್ಲಿ ಇಳಿಸಿ ಹೋಗುತ್ತಾರೆ. ಹೆಡ್‌ಮಾಸ್ಟರರ ಮೊಮ್ಮಗಳು ಬಂದು ಹದಿನೆಂಟು ಎಂದು ಬರೆಸಿದಳಂತೆ. ಭಾನುವಾರ ಪ್ರತಿ ಮಾಡುವುದು ಮಾತ್ರ ಯಾರೂ ಬಿಟ್ಟಿಲ್ಲ. ಚಿಪ್ಪಿನಲ್ಲಿ ಬರೆದರೆ ಮುಗಿಯಿತಲ್ಲ ಎಂದು ನಾನು ಒಬ್ಬರನ್ನು ಕೇಳಿದ್ದಕ್ಕೆ, "ಅದು ನೆನಪಿಗೆ ಸಾರ್, ಇದು ಓದೋಕೆ" ಎಂದರು.

ಈ ಕಥೆಯನ್ನು ಇಲ್ಲಿಯವರೆಗೆ ಬರೆದು ನಾಲ್ಕು ತಿಂಗಳಾಯಿತು. ಪ್ರತಿ ಭಾನುವಾರ ನೀಲಕ್ಕ ಬಂದು ನನ್ನ ಜಗಲಿಯ ಮೇಲೆ ಕೂತು ಇದರ ಪ್ರತಿ ಮಾಡುತ್ತಾರೆ. ಹನ್ನೊಂದು ಗಂಟೆಗೆ ಕಾಫಿ, ನಿಪ್ಪಟ್ಟು. ಇದರಲ್ಲಿ ಮೆದು ಮಾಡಬಹುದಾದದ್ದು ಎಷ್ಟೋ ಇದೆ, ನನ್ನ ಧಿಮಾಕು, ನನ್ನ ಹೊಟ್ಟೆಯುರಿ. ಅವನ್ನೆಲ್ಲ ಹಾಗೇ ಬಿಟ್ಟಿದ್ದಾರೆ. ವಾರ ವಾರವೂ ಅವರ ಕೈ ಹೋಗುವುದು ಅದೊಂದೇ ವಾಕ್ಯಕ್ಕೆ, ನಾನು ಆವತ್ತು ಅಂದದ್ದಕ್ಕೆ. ನೀವು ಮೇಲೆ ಓದಿದ್ದು ನಾನು ಆಡಿದ ಮಾತಲ್ಲ, ಆಡಿದ್ದು ಚಿಪ್ಪಿನಲ್ಲಿದೆ. ಮೊದಲ ವಾರ ಅದರಿಂದ 'ಓಡಿಹೋದ' ಎಂಬ ಪದ ಹೋಯಿತು. ಆಮೇಲೆ 'ಗಂಡ' ಹೋಯಿತು. ಆಮೇಲೆ ಬರೆಯಲು ನಾಚಿಕೆಯಾಗುವ ಇನ್ನೆಷ್ಟೋ. ಕಳೆದ ಭಾನುವಾರ ತೆಗೆಯಲು ಏನೂ ಉಳಿದಿರಲಿಲ್ಲವೆಂದು ಕಾಣುತ್ತದೆ, ಕೊನೆಯಲ್ಲಿ 'ನೀಲಕ್ಕ' ಎಂದು ಒಂದು ಪದ ಸೇರಿಸಿದ್ದಾರೆ. ಆವತ್ತು ನಾನು ಅವರನ್ನು ಅಕ್ಕ ಎಂದಿರಲಿಲ್ಲ.